ಕೈಗಡ ಕೊಟ್ಟ ಎರಡು ಹೆರಿಗೆ

ಹೆರಿಗೆ ಕೋಣೆಯಲ್ಲಿ ಅವಳು ಬಾಯಿ ತೆರೆದರೆ ಆಸ್ಪತ್ರೆಯ ಗೇಟಿನಲ್ಲಿ ಕೂತ ಕಾವಲುಗಾರನಿಗೂ ಕೇಳಿಸುತ್ತಿತ್ತು. ಹಾಗಾಗಿಯೇ ಗಟ್ಟಿ ಸಿಸ್ಟರ್ ಎಂಬ ಹೆಸರು ಬಿದ್ದದ್ದು. "ತಡಿ, ಈಗ ಬೇಡ. ಈಗ ಬರೀ ಉಸಿರು ಬಿಡು. ನಾನು ಹೇಳಿದಾಗ ನಿನ್ನ ಗಂಡನ ಮೇಲಿರೋ ಸಿಟ್ಟೆಲ್ಲ ಸೇರಿಸಿ ತಳ್ಳು" ಎಂದು ಅವಳು ಅಬ್ಬರಿಸಿದರೆ ನೋವು ತಿನ್ನುತ್ತಿದ್ದ ಹೆಂಗಸಿಗೂ ಒಂದು ಗಳಿಗೆ ನಗು ಬರುತ್ತಿತ್ತು, ಹೊರಗೆ ಬೆಂಚಿನ ಮೇಲೆ ಕೂತ ಗಂಡನಿಗೆ ಬೆವರು ಬರುತ್ತಿತ್ತು. ಇಪ್ಪತ್ತಾರು ವರ್ಷ ಅದೇ ಆಸ್ಪತ್ರೆ, ಅದೇ ಕೋಣೆ. ಅವಳ ಕೈಗೆ ಬಂದು ಬಿದ್ದ ಕೂಸುಗಳಲ್ಲಿ ಕೆಲವರು ಆಗಲೇ ಹೊಟ್ಟೆ ಹೊತ್ತುಕೊಂಡು ಅವಳ ಮುಂದೆ ಬಂದು ನಿಂತಿದ್ದೂ ಉಂಟು.

ಹೀಗಿರುವಾಗ ಅವಳ ಗಂಡ ಕೆಲಸ ಮಾಡುತ್ತಿದ್ದ ಪಂಪು ತಯಾರಿಸುವ ಕಾರ್ಖಾನೆ ಗಂಟುಮೂಟೆ ಕಟ್ಟಿತು. ಪಕ್ಕದ ರಾಜ್ಯದಲ್ಲಿ ಜಾಗ ವಿಶಾಲವಂತೆ, ಯಂತ್ರಗಳೆಲ್ಲ ಅಲ್ಲಿಗೆ ಹೋಗುತ್ತವಂತೆ, ಬರುವವರು ಬರಬಹುದಂತೆ. ಅವಳ ಯಜಮಾನರು ಲೋಹ ಕಡೆಯುವ ಲೇತಿನ ಮುಂದೆ ಮೂವತ್ತು ವರ್ಷ ನಿಂತವರು. ನಿವೃತ್ತಿಗೆ ಇನ್ನೂ ನಾಲ್ಕು ವರ್ಷವಿತ್ತು. ಮಾತು ಕಡಿಮೆ. ಊಟಕ್ಕೆ ಕೂತಾಗ ತಟ್ಟೆ ನೋಡುತ್ತಲೇ ಕೇಳಿದರು.

"ಏನ್ಮಾಡೋಣ?"

"ಲೇತ್ ಹೋದ ಕಡೆ ನೀವು ಹೋಗ್ತೀರ. ನೀವು ಹೋದ ಕಡೆ ನಾನು ಬರ್ತೀನಿ. ಹೆರೋ ಹೆಂಗಸ್ರು ಅಲ್ಲೂ ಇರ್ತಾರಲ್ಲ."

"ಇರ್ತಾರೆ."

"ಮತ್ತಿನ್ನೇನು."

ಇನ್ನೇನು ಎಂಬುದು ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು. ನರ್ಸ್ ಆದವಳ ಹೆಸರು ತಾನು ಕೆಲಸ ಮಾಡುವ ರಾಜ್ಯದ ನರ್ಸಿಂಗ್ ಕೌನ್ಸಿಲಿನ ಪಟ್ಟಿಯಲ್ಲಿರಬೇಕು. ಊರು ಬಿಟ್ಟಳೆಂದರೆ ಹೆಸರೂ ಅವಳ ಹಿಂದೆ ಬರಬೇಕು, ಆದರೆ ಹೆಸರಿಗೆ ಸಾಮಾನು ಲಾರಿಯಲ್ಲಿ ಜಾಗವಿಲ್ಲ. ಹಳೆಯ ಕೌನ್ಸಿಲು ನಮ್ಮ ತಕರಾರಿಲ್ಲ ಎಂದು ಪತ್ರ ಕೊಡಬೇಕು, ಕಲಿತ ಶಾಲೆ ಹೌದು ನಮ್ಮಲ್ಲೇ ಕಲಿತಳು ಎನ್ನಬೇಕು, ಹೊಸ ಕೌನ್ಸಿಲು ಎಲ್ಲವನ್ನೂ ತಿರುವಿಹಾಕಿ ಹೊಸ ನಂಬರು ಕೊಡಬೇಕು. ಅಲ್ಲಿಯವರೆಗೆ ಅವಳು ನರ್ಸ್ ಅಲ್ಲ, ನರ್ಸಿನ ಹಾಗೆ ಕಾಣುವ ಒಬ್ಬ ಹೆಂಗಸು.

ಹಳೆಯ ಕೌನ್ಸಿಲು ಪತ್ರ ಕೊಟ್ಟಿತು. ಶಾಲೆ ಮಾತ್ರ ಕೊಡಲಿಲ್ಲ, ಯಾಕೆಂದರೆ ಶಾಲೆಯೇ ಇರಲಿಲ್ಲ. ಅದು ಮುಚ್ಚಿ ಹನ್ನೊಂದು ವರ್ಷವಾಗಿತ್ತು. ಆ ಕಟ್ಟಡದಲ್ಲಿ ಈಗ ಪೀಠೋಪಕರಣದ ಗೋದಾಮಿತ್ತು. ಹಾಗಾದರೆ ನೀವು ಕಲಿಯುವಾಗ ಬರೆದ ಕೇಸ್ ಬುಕ್ ತನ್ನಿ ಎಂದಿತು ಹೊಸ ಕೌನ್ಸಿಲು.

ಗಟ್ಟಿ ಸಿಸ್ಟರಿಗೆ ಖುಷಿಯೇ ಆಯಿತು. ಕೇಸ್ ಬುಕ್ ಎಂದರೆ ನರ್ಸಿಂಗ್ ಕಲಿಯುವವಳು ತನ್ನ ಕೈಯಾರೆ ಮಾಡಿಸಿದ ಹೆರಿಗೆಗಳನ್ನು ಒಂದೊಂದಾಗಿ ಬರೆದಿಡುವ ಪುಸ್ತಕ. ತಾಯಿಯ ವಯಸ್ಸು, ನೋವು ಶುರುವಾದ ಹೊತ್ತು, ಕೂಸಿನ ತೂಕ, ಕೆಳಗೆ ಮೇಟ್ರನ್ ಸಹಿ. ಅವಳ ಜೊತೆಯವರೆಲ್ಲ ಅದನ್ನು ಎಂದೋ ರದ್ದಿಗೆ ಹಾಕಿದ್ದರು. ಇವಳು ಟ್ರಂಕಿನ ತಳದಲ್ಲಿ ಹಳೆ ದಿಂಬಿನ ಕವರಿನೊಳಗೆ ಇಟ್ಟಿದ್ದಳು. ಅದನ್ನೆತ್ತಿಕೊಂಡು ಎದೆ ಸೆಟೆಸಿ ಕೌನ್ಸಿಲಿನ ಮೆಟ್ಟಿಲು ಹತ್ತಿದಳು.

ಕೌನ್ಸಿಲು ಇದ್ದದ್ದು ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ. ಗೋಡೆಯುದ್ದಕ್ಕೂ ಕಬ್ಬಿಣದ ಕಪಾಟು, ಕಪಾಟಿನ ತಲೆಯ ಮೇಲೂ ಫೈಲು. ಗಾಜಿನ ಕಿಂಡಿಯ ಹಿಂದೆ ಹೆಬ್ಬೆರಳಿಗೆ ರಬ್ಬರಿನ ಟೊಪ್ಪಿ ಹಾಕಿಕೊಂಡ ಗುಮಾಸ್ತ. ಪುಸ್ತಕ ತೆಗೆದುಕೊಂಡ. ತುಟಿ ಆಡಿಸುತ್ತಾ ಹಾಳೆ ತಿರುವಿದ.

"ಹದಿನೆಂಟು" ಎಂದ.

"ಏನು ಹದಿನೆಂಟು?"

"ಹೆರಿಗೆ. ಇಪ್ಪತ್ತು ಇರ್ಬೇಕು ಮೇಡಂ."

"ಹಾಳೆ ಅಂಟ್ಕೊಂಡಿರತ್ತೆ, ಹಳೇ ಪುಸ್ತಕ. ಸರಿಯಾಗಿ ನೋಡಿ."

ಮತ್ತೆ ಎಣಿಸಿದ. ಮತ್ತೆ ಹದಿನೆಂಟು. ಕಿಂಡಿಯಿಂದ ಪುಸ್ತಕ ಹೊರಗೆ ತಳ್ಳಿದ. ಅವಳೂ ಎಣಿಸಿದಳು. ಹದಿನೆಂಟರಲ್ಲಿ ಬಂದು ನಿಂತಾಗ ಅವಳಿಗೆ ಎಲ್ಲ ನೆನಪಾಯಿತು, ಕಿವಿ ಬಿಸಿಯಾಯಿತು.

ಆ ಶಾಲೆಯಲ್ಲಿ ಇಪ್ಪತ್ತೆರಡು ಹುಡುಗಿಯರಿದ್ದರು. ಒಬ್ಬೊಬ್ಬಳಿಗೆ ಇಪ್ಪತ್ತು ಹೆರಿಗೆ. ಸರದಿ ಪ್ರಕಾರ ನಿಲ್ಲಬೇಕು. ಆದರೆ ಹೊಟ್ಟೆಯೊಳಗಿನ ಕೂಸಿಗೆ ಸರದಿ ಗೊತ್ತೇ? ಒಬ್ಬಳ ಸರದಿಯಲ್ಲಿ ಬಂದ ತಾಯಿಯನ್ನು ಆಪರೇಷನ್ನಿಗೆ ಒಯ್ಯುತ್ತಿದ್ದರು, ಇನ್ನೊಬ್ಬಳ ಸರದಿ ಜ್ವರದಲ್ಲಿ ಕಳೆದುಹೋಗುತ್ತಿತ್ತು. ಆಗ ಹುಡುಗಿಯರಲ್ಲಿ ಒಂದು ರೂಢಿ ಹುಟ್ಟಿಕೊಂಡಿತು. "ಒಂದು ಕೈಗಡ ಕೊಡೇ, ಬರೋ ವಾರ ತೀರಿಸ್ತೀನಿ" ಎಂದು ಸಕ್ಕರೆ ಕೇಳಿದ ಹಾಗೆ ಕೇಳುತ್ತಿದ್ದರು. ಕೂಸು ಹಿಡಿದದ್ದು ಒಬ್ಬಳು, ಪುಸ್ತಕದಲ್ಲಿ ಬರೆದದ್ದು ಇನ್ನೊಬ್ಬಳು. ಮುಂದಿನ ವಾರ ಅದು ತಿರುಗುಮುರುಗು. ಮೇಟ್ರನ್‌ಗೂ ಗೊತ್ತಿತ್ತು. ಕಂಡೂ ಕಾಣದ ಹಾಗೆ ಸಹಿ ಹಾಕುತ್ತಿದ್ದರು.

ಇವಳ ಪಕ್ಕದ ಮಂಚದವಳು ಕಡ್ಡಿ. ಹೆಸರಿಗೆ ತಕ್ಕ ಹಾಗೆ ಸಣ್ಣಗಿದ್ದವಳಿಗೆ ಕಾಮಾಲೆ ಬೇರೆ ಬಂತು. ನಲವತ್ತು ದಿನ ಮಲಗಿ ಎದ್ದಾಗ ಐದು ಹೆರಿಗೆ ಕಡಿಮೆ. ಮೂವರು ಸೇರಿ ತುಂಬಿಕೊಟ್ಟರು. ಗಟ್ಟಿ ಸಿಸ್ಟರ್ ಪಾಲಿನದು ಎರಡು. ಕಡ್ಡಿ ತೀರಿಸುವ ಮೊದಲೇ ಪರೀಕ್ಷೆ ಬಂತು. ಮೇಟ್ರನ್ ಇವಳ ಹದಿನೆಂಟು ನೋಡಿ, ಕನ್ನಡಕದ ಮೇಲಿಂದ ಇವಳ ಮುಖ ನೋಡಿ, ಇಪ್ಪತ್ತೂ ಆಗಿದ್ದು ನನ್ನ ಕಣ್ಣಿಗೆ ಗೊತ್ತು ಎಂದು ಪೂರ್ಣವಾಗಿದೆ ಅಂತ ಪ್ರಮಾಣಪತ್ರ ಬರೆದರು. ಆಗ ಯಾರೂ ಪುಸ್ತಕ ತೆರೆದು ಎಣಿಸಲಿಲ್ಲ. ಇಪ್ಪತ್ತೇಳು ವರ್ಷದ ಮೇಲೆ ರಬ್ಬರ್ ಟೊಪ್ಪಿಯ ಬೆರಳೊಂದು ಎಣಿಸಿತು.

"ನಾನು ಇಷ್ಟು ವರ್ಷದಲ್ಲಿ ಮಾಡಿಸಿದ ಹೆರಿಗೆ ಎಣಿಸೋಕೆ ಕೂತ್ರೆ ನಿಮ್ಮ ಆ ಟೊಪ್ಪಿ ಸವೆದುಹೋಗತ್ತೆ" ಎಂದಳು.

"ಅವು ಲೆಕ್ಕಕ್ಕಿಲ್ಲ ಮೇಡಂ. ಅವು ನರ್ಸ್ ಆದ ಮೇಲಿನವು. ನಮಗೆ ಆಗೋಕೆ ಮುಂಚಿನವು ಬೇಕು."

ಗುಮಾಸ್ತ ಕೆಟ್ಟವನಲ್ಲ. ಆಚೀಚೆ ನೋಡಿ ಕಿಂಡಿಗೆ ಬಾಯಿ ತಂದು ದನಿ ತಗ್ಗಿಸಿದ. "ಕೊನೇಲಿ ನಾಲ್ಕು ಹಾಳೆ ಖಾಲಿ ಇದೆ. ಮನೆಗೆ ತಗೊಂಡು ಹೋಗಿ, ನಾಳೆ ತನ್ನಿ. ನಾನು ಇವತ್ತು ಎಣಿಸಿಲ್ಲ ಅಂದ್ಕೊಳ್ಳಿ."

"ಸಹಿ ಯಾರು ಹಾಕ್ತಾರೆ? ಮೇಟ್ರನ್ ತೀರಿಹೋಗಿ ಎಷ್ಟೋ ವರ್ಷ ಆಯ್ತು."

"ಮೇಟ್ರನ್ ತೀರಿಹೋದ್ರು ಅಂತ ನೀವೇ ಅಂದ್ರಲ್ಲ. ಸತ್ತೋರು ಬಂದು ನಂದಲ್ಲ ಅಂತಾರಾ?"

"ಬದುಕಿದ್ದಿದ್ರೆ ಕೇಳಿ ಹಾಕ್ತಿದ್ದೆ. ಸತ್ತೋರ ಸಹಿ ಹಾಕೋಕಾಗಲ್ಲ ಸ್ವಾಮಿ."

"ಹಾಗಾದ್ರೆ ಆರು ತಿಂಗಳು ಮತ್ತೆ ತರಬೇತಿಗೆ ಕೂರ್ಬೇಕು. ಹತ್ತೊಂಬತ್ತರ ಹುಡುಗೀರ ಜೊತೆ."

"ಪಾಠ ಕೇಳೋಕಾ, ಹೇಳೋಕಾ?" ಎಂದು ಪುಸ್ತಕವನ್ನು ದಿಂಬಿನ ಕವರಿಗೆ ಸೇರಿಸಿ ಇಳಿದು ಬಂದಳು.

ಹೊಸ ಊರಿನ ಆಸ್ಪತ್ರೆಯೊಂದು ಅವಳನ್ನು ತೆಗೆದುಕೊಳ್ಳುವುದಾಗಿ ಮೊದಲೇ ಒಪ್ಪಿತ್ತು. ನಲವತ್ತು ಹಾಸಿಗೆ. ಹೆರಿಗೆಗೆ ಹೆಸರಾದ ಜಾಗ. ಅಲ್ಲಿನ ಮ್ಯಾನೇಜರ್ ಅಂಗಿಯ ಜೇಬಿನಲ್ಲಿ ಮೂರು ಪೆನ್ನು ಇಟ್ಟುಕೊಂಡು ಮೂರರಲ್ಲೂ ಬರೆಯದೆ ಎಲ್ಲವನ್ನೂ ಬಾಯಲ್ಲೇ ಮುಗಿಸುವವನು.

"ಅದಕ್ಯಾಕೆ ಅಷ್ಟು ಯೋಚನೆ ಸಿಸ್ಟರ್? ನಾಳೆಯಿಂದ ವಾರ್ಡಿಗೆ ಬನ್ನಿ. ಕೆಲಸ ನೀವು ಮಾಡಿ, ಸಹಿ ಬೇರೆಯವ್ರು ಹಾಕ್ತಾರೆ. ಸಂಬಳ ನರ್ಸಿಂದೇ."

"ಕೈ ನಂದು, ಹೆಸರು ಅವ್ರದ್ದು?"

"ಎಲ್ಲಾ ಕಡೆ ನಡೆಯೋದೇ."

"ಹಿಂದೆ ಎರಡ್ಸಲ ನಡೆಸಿದೀನಿ. ಅದಕ್ಕೇ ಇವತ್ತು ನಿಮ್ಮ ಮುಂದೆ ಹೀಗೆ ನಿಂತಿರೋದು. ನಿಮ್ಮಲ್ಲಿ ಸಹಿ ಹಾಕದೇ ಮಾಡೋ ಕೆಲಸ ಯಾವುದಿದೆ?"

ಮ್ಯಾನೇಜರ್ ತಮಾಷೆ ಎಂದುಕೊಂಡ. "ಆಯಾ ಕೆಲಸ ಇದೆ."

"ಕೊಡಿ."

ಸಂಜೆ ಯಜಮಾನರು ಕೈಗಂಟಿದ ಎಣ್ಣೆ ತೊಳೆಯುತ್ತಾ ಕೇಳಿಸಿಕೊಂಡರು. ಸೋಪು ಕೈಜಾರಿ ಬಿತ್ತು.

"ಆಯಾನಾ?"

"ಹೂಂ. ಬೆಳಿಗ್ಗೆ ಏಳಕ್ಕೆ."

"ಎರಡು ಹಾಳೆ ಬರೆದುಬಿಟ್ಟಿದ್ರೆ ಆಗ್ತಿರ್ಲಿಲ್ವಾ? ನೀನು ಮಾಡಿದ್ದು ಸುಳ್ಳಲ್ಲವಲ್ಲ."

"ನಿಮ್ಮ ಲೇತಲ್ಲಿ ಎರಡು ಕೂದಲೆಳೆ ಕಡಿಮೆ ಆದ ತುಂಡಿಗೆ ಸರಿ ಇದೆ ಅಂತ ಮುದ್ರೆ ಒತ್ತುತ್ತೀರಾ?"

ಯಜಮಾನರು ಬಗ್ಗಿ ಸೋಪು ಎತ್ತಿಕೊಂಡರು. "ಇಲ್ಲ."

"ಮತ್ತೆ."

ಅಂತೂ ಇಪ್ಪತ್ತಾರು ವರ್ಷ ಬಿಳಿ ಸಮವಸ್ತ್ರ ಹಾಕಿದ ಮೈಗೆ ಬೂದು ಬಣ್ಣದ ಕೋಟು ಬಂತು. ನೆಲ ಒರೆಸಿದಳು, ಹಾಸಿಗೆ ಬದಲಿಸಿದಳು, ಮಲದ ಬಟ್ಟಲು ತೊಳೆದಳು. ಮೊದಲ ವಾರ ಬೇರೆ ಆಯಾಗಳು ಮೂಗು ಮುರಿದರು. ದೊಡ್ಡ ನರ್ಸಂತೆ, ನೋಡೋಣ ಎಷ್ಟು ದಿನ ಅಂತ. ಇವಳ ನೆಲ ಕನ್ನಡಿಯ ಹಾಗೆ ಹೊಳೆಯುವುದು ನೋಡಿ ಎರಡನೆಯ ವಾರ ಮೂಗು ತಾನಾಗಿ ನೆಟ್ಟಗಾಯಿತು. ವಾರ್ಡಿನವರು ಸೂಜಿ ಹಾಕಿಕೊಡಿ ಎಂದರೆ ಜಪ್ಪಯ್ಯ ಎಂದರೂ ಹಾಕುತ್ತಿರಲಿಲ್ಲ. "ಪೊರಕೆ ತರ್ತೀನಿ, ಬೇಕಾ?" ಎನ್ನುತ್ತಿದ್ದಳು.

ಗುರುವಾರ ಅವಳ ರಜೆ. ಗುರುವಾರ ಬಂತೆಂದರೆ ಕೌನ್ಸಿಲಿನ ಮೆಟ್ಟಿಲು.

"ನಿಮ್ಮ ನಿಯಮದ ಪುಸ್ತಕ ಕೊಡಿ."

"ಹೊರಗೆ ಕೊಡೋ ಹಾಗಿಲ್ಲ ಮೇಡಂ."

"ಒಳಗೆ ಓದ್ತೀನಿ."

ಕಿಂಡಿಯ ಎದುರಿನ ಬೆಂಚಿನಲ್ಲಿ ಕೂತು ಮೂರು ಗುರುವಾರ ಓದಿದಳು. ಗುಮಾಸ್ತ ಊಟದ ಡಬ್ಬಿ ತೆರೆದರೆ ಇವಳೂ ತೆರೆಯುತ್ತಿದ್ದಳು. ಮೂರನೆಯ ವಾರಕ್ಕೆ ಅವನು ಕುರ್ಚಿಯೊಂದನ್ನು ಫ್ಯಾನಿನ ಕೆಳಗೆ ಎಳೆದಿಟ್ಟಿದ್ದ. ಆ ದಿನವೇ ಬೆರಳಿಟ್ಟು ತೋರಿಸಿದಳು. ಕಲಿಕೆಯ ಕಾಲದ ಕೆಲಸದಲ್ಲಿ ಕೊರತೆ ಕಂಡರೆ ಆ ಕೊರತೆಯಷ್ಟನ್ನೇ ಮಾನ್ಯ ಆಸ್ಪತ್ರೆಯಲ್ಲಿ ಶಿಕ್ಷಕರ ಎದುರು ಪೂರೈಸಲು ಅನುಮತಿ ಕೇಳಬಹುದು ಎಂದಿತ್ತು.

ಗುಮಾಸ್ತ ಎರಡು ಸಲ ಓದಿದ. "ಇದರಲ್ಲಿ ಇದುವರೆಗೆ ಯಾರೂ ಅರ್ಜಿ ಹಾಕಿಲ್ಲ."

"ನಾನು ಹಾಕ್ತೀನಿ. ಕಾಗದ ಕೊಡಿ."

ಅರ್ಜಿ ಒಳಗೆ ಹೋಗಿ ಹತ್ತು ದಿನವಾಗಿತ್ತು. ಒಂದು ಬೆಳಿಗ್ಗೆ, ಹನ್ನೊಂದರ ಸುಮಾರಿಗೆ, ಗಟ್ಟಿ ಸಿಸ್ಟರ್ ಹೆರಿಗೆಯಾದವರ ಕೋಣೆಯಲ್ಲಿ ನೆಲ ಒರೆಸುತ್ತಿದ್ದಳು. ಗೋಡೆ ಬದಿಯ ಮಂಚದಲ್ಲಿ ಆಗಷ್ಟೇ ಹೆತ್ತ ತಾಯಿ, ಕಣ್ಣು ಮುಚ್ಚಿದ್ದಳು. ಕೆಲಸಕ್ಕೆ ಸೇರಿ ಮೂರು ತಿಂಗಳಾದ ಪುಟ್ಟ ಸಿಸ್ಟರ್ ಆ ಕಡೆ ಕೂಸನ್ನು ತೂಗುತ್ತಿದ್ದಳು. ಇವಳು ಮಂಚದ ಕೆಳಗೆ ಒರೆಸಿ ಬಟ್ಟೆ ಹಿಂಡಿ ತಿರುಗಿದಳು. ಒರೆಸಿದ ಜಾಗ ಮತ್ತೆ ಕೆಂಪಗಿತ್ತು. ಮತ್ತೆ ಒರೆಸಿದಳು. ಮತ್ತೆ ಕೆಂಪು. ಎದ್ದು ಹೊದಿಕೆ ಎತ್ತಿದಳು.

"ಪುಟ್ಟ ಸಿಸ್ಟರ್, ಕೂಸನ್ನ ತೊಟ್ಟಿಲಿಗೆ ಹಾಕಿ ಬಾ. ಈಗಲೇ."

ಪುಟ್ಟ ಸಿಸ್ಟರ್ ಬಂದಳು, ನೋಡಿದಳು, ಹಾಗೇ ನಿಂತಳು. ಕೈಕಾಲು ಆಡಲಿಲ್ಲ. "ಡಾಕ್ಟ್ರು ಆಪರೇಷನ್ನಲ್ಲಿದ್ದಾರೆ" ಎಂದಳು, ಅಷ್ಟೇ.

ಹೆರಿಗೆಯ ಮೇಲೆ ಗರ್ಭಕೋಶ ಕುಗ್ಗಿ ಬಿಗಿಯಾಗಬೇಕು. ಬಿಗಿಯಾಗದಿದ್ದರೆ ರಕ್ತ ನಿಲ್ಲುವುದಿಲ್ಲ, ತೆರೆದ ನಲ್ಲಿ. ಗಟ್ಟಿ ಸಿಸ್ಟರ್ ಮೊಣಕೈತನಕ ಕೈ ತೊಳೆದಳು. ತಾಯಿಯ ಹೊಟ್ಟೆಯ ಮೇಲೆ ಎರಡೂ ಕೈ ಊರಿದಳು. ಒಳಗೆ ಎಲ್ಲ ಹಸಿ ಹಿಟ್ಟಿನ ಹಾಗೆ ಮೆತ್ತಗಿತ್ತು. ಒತ್ತಿ ತಿರುವತೊಡಗಿದಳು.

"ಕೇಳಿಲ್ಲಿ. ರಕ್ತ ನಿಲ್ಸೋ ಸೂಜಿ ಫ್ರಿಜ್ಜಿನ ಮೇಲಿನ ಅರೇಲಿದೆ. ತಂದು ನೀನೇ ಹಾಕು, ನಾನು ಹಾಕಲ್ಲ. ಬಾಗಿಲಲ್ಲಿ ನಿಂತಿರೋ ಆಯಾನ ಆಪರೇಷನ್ ಕೋಣೆಗೆ ಓಡಿಸು. ಅಮ್ಮ, ಕಣ್ಣು ಬಿಡು, ನಿನ್ನ ಕೂಸು ಯಾರ ಹಾಗಿದೆ ನೋಡಿದ್ಯಾ? ಅತ್ತೆ ಹಾಗಿದ್ರೆ ಈಗಲೇ ಹೇಳ್ಬಿಡು."

ತಾಯಿಯ ತುಟಿ ಅಲುಗಿತು. ಪುಟ್ಟ ಸಿಸ್ಟರ್ ಸೂಜಿ ಹಾಕಿದಳು. ಗಳಿಗೆ ಕಳೆದ ಮೇಲೆ ಕೈಯಡಿಯ ಹಿಟ್ಟು ಚೆಂಡಾಯಿತು. ದೊಡ್ಡ ಡಾಕ್ಟರಮ್ಮ ಓಡಿ ಬರುವ ಹೊತ್ತಿಗೆ ನೆಲ ಒರೆಸಿದರೆ ಒಣಗಿಯೇ ಉಳಿಯುತ್ತಿತ್ತು.

ಗಲಾಟೆ ಶುರುವಾದದ್ದು ತಾಯಿ ಉಳಿದ ಮೇಲೆ. ಪುಟ್ಟ ಸಿಸ್ಟರ್ ಕೇಸ್ ಹಾಳೆ ಬರೆಯಲು ಕೂತಳು. ಮ್ಯಾನೇಜರ್ ಅವಳ ಹೆಗಲ ಹಿಂದೆ ನಿಂತಿದ್ದ. "ಡ್ಯೂಟಿ ನರ್ಸ್ ಹೊಟ್ಟೆ ಒತ್ತಿದರು ಅಂತ ಬರೆಯಮ್ಮ" ಎಂದ.

"ಒತ್ತಿದ್ದು ನಾನು" ಎಂದಳು ಗಟ್ಟಿ ಸಿಸ್ಟರ್. "ನನ್ನ ಹೆಸರು ಬರಿ. ಪಕ್ಕದಲ್ಲಿ ಆಯಾ ಅಂತ ಬರಿ."

"ನಿಮಗೇನಾಗಿದೆ? ಇದು ಆರೋಗ್ಯ ಕಚೇರಿಗೆ ಹೋಗತ್ತೆ. ಅಲ್ಲಿಂದ ಕೌನ್ಸಿಲಿಗೂ ಹೋಗತ್ತೆ. ನಿಮ್ಮ ಅರ್ಜಿ ಅಲ್ಲೇ ಕೂತಿದೆ. ನಂಬರಿಲ್ದೆ ರೋಗಿ ಮುಟ್ಟಿದೋಳಿಗೆ ಜನ್ಮದಲ್ಲಿ ನಂಬರ್ ಸಿಗಲ್ಲ."

"ಹೋಗ್ಲಿ. ಈ ಹುಡುಗಿ ಹೆಸರು ಹಾಕಿದ್ರೆ ನಾಳೆ ಎಲ್ಲರೂ ಇವಳಿಗೆ ಗೊತ್ತಿದೆ ಅಂದ್ಕೋತಾರೆ. ಒಂಟಿಯಾಗಿ ಬಿಡ್ತಾರೆ. ಆಗ ಮಂಚದ ಮೇಲೆ ಇನ್ಯಾರದೋ ಮಗಳು ಇರ್ತಾಳೆ. ಬರಿಯೇ."

ಪುಟ್ಟ ಸಿಸ್ಟರ್ ಕಣ್ಣಲ್ಲಿ ನೀರು ತುಂಬಿಕೊಂಡು ಮ್ಯಾನೇಜರನ್ನು ನೋಡಿದಳು, ಡಾಕ್ಟರಮ್ಮನನ್ನು ನೋಡಿದಳು. ಡಾಕ್ಟರಮ್ಮ ಕೈಗವಸು ಕಳಚುತ್ತಾ "ಆದದ್ದು ಆದ ಹಾಗೆ ಬರಿ" ಎಂದರು. ಬರೆದಳು. ಮರುದಿನದಿಂದ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಬಟ್ಟೆ ಕೋಣೆಯೊಳಗೆ ಸುತ್ತಿದ ಟವಲಿನ ಮೇಲೆ ಕೈಯಿಟ್ಟು ಅವಳು ಒತ್ತುವುದು, "ಅದೇನು ಬೆಕ್ಕಿನ ಬೆನ್ನಾ, ಸವರ್ತಾ ಇದೀಯ" ಎಂದು ಇವಳು ಬೈಯುವುದು ಶುರುವಾಯಿತು.

ಮ್ಯಾನೇಜರ್ ಹೇಳಿದ್ದು ಸುಳ್ಳಾಗಲಿಲ್ಲ. ಮೂರನೆಯ ವಾರ ಕೌನ್ಸಿಲಿನಿಂದ ನೋಟೀಸು ಬಂತು. ನೋಂದಣಿಯಿಲ್ಲದೆ ರೋಗಿಯ ಆರೈಕೆ ಮಾಡಿದ್ದೀರಿ, ಕೇಸ್ ಬುಕ್ಕಿನಲ್ಲಿ ಎರಡು ಹೆರಿಗೆ ಯಾಕಿಲ್ಲ ಎಂದೂ ಹೇಳಿಲ್ಲ, ಸಮಿತಿಯ ಮುಂದೆ ಬಂದು ಉತ್ತರಿಸಿ, ಇಲ್ಲವೇ ಅರ್ಜಿ ವಜಾ.

ಸುದ್ದಿ ಹೇಗೋ ಕಡ್ಡಿಯ ಕಿವಿಗೆ ಬಿತ್ತು. ಕಡ್ಡಿ ಈಗ ಕಡ್ಡಿಯಾಗಿ ಉಳಿದಿರಲಿಲ್ಲ, ಹಳೆಯ ರಾಜ್ಯದ ದೊಡ್ಡ ನರ್ಸಿಂಗ್ ಶಾಲೆಯೊಂದಕ್ಕೆ ಪ್ರಿನ್ಸಿಪಾಲಳಾಗಿದ್ದಳು. ಫೋನು ಮಾಡಿದಳು.

"ನಾನು ಬರೆದುಕೊಡ್ತೀನಿ ಕಣೇ. ಆ ಎರಡು ನಿಂದು ಅಂತ. ಸಹಿ, ಸೀಲು ಎಲ್ಲಾ ಹಾಕಿ."

"ಕೊಟ್ರೆ ಏನಾಗತ್ತೆ?"

"ನಿಂಗೆ ಇಪ್ಪತ್ತಾಗತ್ತೆ."

"ನಿಂಗೆ?"

ಆ ಕಡೆ ಕುರ್ಚಿ ಕಿರುಗುಟ್ಟಿತು.

"ಹೇಳು, ಲೆಕ್ಕ ಬರಲ್ವಾ ಪ್ರಿನ್ಸಿಪಾಲಮ್ಮನಿಗೆ? ಹದಿನೆಂಟು. ಆಗ ನೀನು ಆಯಾ ಆಗ್ತೀಯಾ? ನಿನ್ನ ಕೈಲಿ ನೆಲ ಒರೆಸೋಕಾಗಲ್ಲ, ಹಾಸ್ಟೆಲಲ್ಲೇ ನೋಡಿದೀನಿ. ಬಾಯಿ ಮುಚ್ಕೊಂಡು ಫೋನ್ ಇಡು."

"ನಿನ್ನ ಸಾಲ ನನ್ನ ಮೇಲೆ ಹಾಗೇ ಇದೆಯಲ್ಲೇ."

"ಇರ್ಲಿ ಬಿಡು. ಕೊಟ್ಟೋಳು ನಾನು, ಕೇಳೋಳೂ ನಾನೇ. ಕೌನ್ಸಿಲ್ ಯಾರು ವಸೂಲಿಗೆ ಬರೋಕೆ?"

ಸಮಿತಿಯಲ್ಲಿ ಐವರು. ಉದ್ದನೆಯ ಮೇಜು, ಐದು ನೀರಿನ ಬಾಟಲಿ. ನಡುವೆ ಅಧ್ಯಕ್ಷೆ, ಬೆಳ್ಳಿಗೂದಲಿನ ಹಳೆಯ ಮೇಟ್ರನ್. ಎಡಬಲಕ್ಕೆ ಇನ್ನಿಬ್ಬರು ಹಿರಿಯ ನರ್ಸುಗಳು. ತುದಿಗೆ ಒಬ್ಬ ಡಾಕ್ಟರು, ಒಬ್ಬ ಅಧಿಕಾರಿ. ಗುಮಾಸ್ತ ಮೂಲೆಯಲ್ಲಿ ಫೈಲು ಹಿಡಿದು ನಿಂತಿದ್ದ. ಹೊರಗಿನ ಬೆಂಚಿನಲ್ಲಿ ಯಜಮಾನರು, ಅರ್ಧ ದಿನ ರಜೆ ಹಾಕಿ ಬಂದವರು.

"ನೋಂದಣಿ ಇಲ್ಲದೆ ರೋಗಿ ಮೇಲೆ ಕೈಯಿಟ್ಟಿದ್ದು ನಿಜಾನಾ?" ಎಂದು ಅಧ್ಯಕ್ಷೆ ಕೇಳಿದರು.

"ನಿಜ. ಎರಡೂ ಕೈ."

"ತಪ್ಪು ಅಂತ ಗೊತ್ತಿರ್ಲಿಲ್ವಾ?"

"ತಪ್ಪೋ ಸರಿಯೋ ನೀವು ಹೇಳಿ ಮೇಡಂ. ಮಾಡಿದ್ದು ಯಾರು ಅನ್ನೋದು ಮಾತ್ರ ನಾನು ಹೇಳ್ಬೇಕು. ಹೇಳಿದೀನಿ."

ಡಾಕ್ಟರು ಮುಂದೆ ಬಾಗಿದರು. "ಡಾಕ್ಟ್ರು ಬರೋ ತನಕ ಕಾಯಬಹುದಿತ್ತಲ್ಲ."

"ನಾನು ಕಾಯ್ತಿದ್ದೆ ಡಾಕ್ಟ್ರೇ. ರಕ್ತ ಕಾಯ್ತಿರ್ಲಿಲ್ಲ."

ಅಧ್ಯಕ್ಷೆ ಹಳೆಯ ಪುಸ್ತಕ ತೆರೆದರು. "ಇನ್ನೆರಡು ಹೆರಿಗೆ ಏನಾಯ್ತು?"

"ಕೈಗಡ ಕೊಟ್ಟೆ."

ಎಡಗಡೆಯ ನರ್ಸ್ ಬಾಟಲಿಯ ಮುಚ್ಚಳ ತಿರುಗಿಸತೊಡಗಿದರು. ಬಲಗಡೆಯವರು ಪೆನ್ನಿನ ತುದಿ ಪರೀಕ್ಷಿಸಿದರು. ಅಧ್ಯಕ್ಷೆ ಕಿಟಕಿಯಾಚೆ ನೋಡಿದರು, ಅಲ್ಲಿ ನೋಡಲು ಎದುರು ಕಟ್ಟಡದ ಗೋಡೆಯ ಹೊರತು ಏನೂ ಇರಲಿಲ್ಲ.

"ಕೈಗಡ ಅಂದ್ರೆ?" ಎಂದರು ಡಾಕ್ಟರು.

"ಅದು ನರ್ಸಿಂಗ್ ಹಾಸ್ಟೆಲಿನ ಮಾತು ಡಾಕ್ಟ್ರೇ, ನಿಮಗೆ ಬೇಡ" ಎಂದರು ಅಧ್ಯಕ್ಷೆ. ಆಮೇಲೆ ಇವಳ ಕಡೆ ತಿರುಗಿದರು. ದನಿ ಬಿಗಿಯಾಗಿತ್ತು. "ಯಾರಿಗೆ ಕೊಟ್ರಿ?"

"ಅದು ನನ್ನ ಪುಸ್ತಕದಲ್ಲಿಲ್ಲ."

"ಹೇಳದೆ ಹೋದ್ರೆ ಅರ್ಜಿ ವಜಾ ಮಾಡೋ ಅಧಿಕಾರ ನಮಗಿದೆ."

"ಮಾಡಿ. ನೆಲ ಒರೆಸೋಕೆ ನಿಮ್ಮ ನಂಬರು ಬೇಡ. ಬರೋ ಗುರುವಾರ ಮತ್ತೆ ಅರ್ಜಿ ಕೊಡ್ತೀನಿ. ಅದನ್ನೂ ವಜಾ ಮಾಡಿದ್ರೆ ಅದರ ಮುಂದಿನ ಗುರುವಾರ. ನಾನು ಬರ್ತೀನೋ ಇಲ್ವೋ, ನಿಮ್ಮ ಗುಮಾಸ್ತರನ್ನೇ ಕೇಳಿ. ಆದ್ರೆ ನಿಮ್ಮಲ್ಲಿ ನಿಯಮ ಇದೆ. ಎರಡು ಕಡಿಮೆ ಅಂದ್ರೆ ಎರಡು ಮಾಡ್ಸಿ. ಯಾವ ಆಸ್ಪತ್ರೆ ಬೇಕೋ ಹೇಳಿ, ಯಾರನ್ನ ಬೇಕೋ ನಿಲ್ಲಿಸಿ. ಆರು ತಿಂಗಳು ಬೆಂಚ್ ಮೇಲೆ ಕೂರಿಸ್ತೀನಿ ಅಂದ್ರೆ ಕೂರಲ್ಲ. ಇನ್ನೊಬ್ಬರ ಹೆಸರು ಹೇಳು ಅಂದ್ರೆ ಹೇಳಲ್ಲ."

ಅಧಿಕಾರಿ ಗುಮಾಸ್ತನನ್ನು ನೋಡಿದ. "ಬರ್ತಾರೆ ಸಾರ್" ಎಂದ ಗುಮಾಸ್ತ, ಕೇಳದಿದ್ದರೂ.

ಹೊರಗೆ ಕಳಿಸಿ ಮುಕ್ಕಾಲು ಗಂಟೆ ಕೂರಿಸಿದರು. ಯಜಮಾನರು ಏನಾಯ್ತು ಎಂದು ಕೇಳಲಿಲ್ಲ, ಗೋಡೆಯ ಈಚೆಗೂ ಅವಳ ಮಾತೆಲ್ಲ ಕೇಳಿಸಿತ್ತು. ಮತ್ತೆ ಒಳಗೆ ಕರೆದು ತೀರ್ಪು ಓದಿದರು. ನೋಂದಣಿಯಿಲ್ಲದೆ ಕೈಯಿಟ್ಟದ್ದಕ್ಕೆ ಎಚ್ಚರಿಕೆ ಪತ್ರ, ಅದು ಫೈಲಿನಲ್ಲಿ ಸದಾ ಇರತಕ್ಕದ್ದು. ಎರಡು ಹೆರಿಗೆ ಸರಕಾರಿ ಆಸ್ಪತ್ರೆಯಲ್ಲಿ, ವಿದ್ಯಾರ್ಥಿಯ ಉಡುಪಿನಲ್ಲಿ, ಶಿಕ್ಷಕಿಯ ಎದುರು.

"ಒಪ್ಪಿಗೇನಾ?"

"ಒಪ್ಪಿಗೆ. ಆದ್ರೆ ನಿಮ್ಮ ಹೊಸ ಫಾರಂ ಬೇಡ. ಹತ್ತೊಂಬತ್ತು, ಇಪ್ಪತ್ತು ಈ ಪುಸ್ತಕದಲ್ಲೇ ಬರೀತೀನಿ. ಈಗಿನ ತಾರೀಖೇ ಹಾಕಿ."

ಅಧ್ಯಕ್ಷೆ ಪುಸ್ತಕವನ್ನು ಮೇಜಿನ ಮೇಲೆ ಇವಳ ಕಡೆ ಜಾರಿಸಿದರು.

ಸರಕಾರಿ ಆಸ್ಪತ್ರೆಯ ಶಿಕ್ಷಕಿಗೆ ಇಪ್ಪತ್ತೇಳು ವರ್ಷ. ನಲವತ್ತೊಂಬತ್ತರ ವಿದ್ಯಾರ್ಥಿನಿ ನೀಲಿ ಏಪ್ರನ್ ಕಟ್ಟಿಕೊಂಡು ಎದುರು ನಿಂತಾಗ ಪಾಪ ಅವಳಿಗೇ ನಾಲಿಗೆ ಒಣಗಿತು.

"ಮೇಡಂ, ನೀವು..."

"ಮೇಡಂ ನೀವು. ನಾನು ವಿದ್ಯಾರ್ಥಿ. ಹೇಳಿ, ಎಲ್ಲಿ ನಿಂತ್ಕೋಬೇಕು?"

ಮೊದಲನೆಯದು ಹೂವೆತ್ತಿದ ಹಾಗೆ ಆಯಿತು. ಹೆಣ್ಣು ಕೂಸು, ಒಳ್ಳೆಯ ಅಳು. ಗಟ್ಟಿ ಸಿಸ್ಟರ್ ಅಭ್ಯಾಸದಂತೆ ಹೊಕ್ಕುಳ ಬಳ್ಳಿಗೆ ಕತ್ತರಿ ತಂದಳು. ಶಿಕ್ಷಕಿ ಕೈ ಅಡ್ಡ ಹಿಡಿದಳು.

"ಬೇಡ. ಒಂದೆರಡು ನಿಮಿಷ ಕಾಯ್ಬೇಕು. ಬಳ್ಳಿಯಲ್ಲಿರೋ ರಕ್ತ ಕೂಸಿಗೆ ಹೋಗ್ಬೇಕು."

"ಇಪ್ಪತ್ತಾರು ವರ್ಷ ತಕ್ಷಣ ಕತ್ತರಿಸಿದೀನಿ."

"ಗೊತ್ತು. ಆದ್ರೂ ಬೇಡ." ಹುಡುಗಿ ಅಡ್ಡ ಹಿಡಿದ ಕೈ ಕದಲಲಿಲ್ಲ.

ಗಟ್ಟಿ ಸಿಸ್ಟರಿನ ಹುಬ್ಬು ಗಂಟಾಯಿತು. ಕೂಸನ್ನು ತಾಯಿಯ ಎದೆಯ ಮೇಲಿಟ್ಟು ಬಳ್ಳಿಗೆ ಬೆರಳು ತಾಕಿಸಿ ನಿಂತಳು. ಬಳ್ಳಿ ಮಿಡಿಯುತ್ತಿತ್ತು. ಮಿಡಿದು ಮಿಡಿದು ನಿಧಾನಕ್ಕೆ ಬೆಳ್ಳಗಾಗಿ ತಣ್ಣಗಾಯಿತು. ಇಷ್ಟು ಕೂಸು ಹಿಡಿದವಳು ಇದನ್ನೊಂದು ಪೂರ್ತಿಯಾಗಿ ನೋಡಿಯೇ ಇರಲಿಲ್ಲ.

"ಇದನ್ನ ಹೇಳೋಕೆ ಇಷ್ಟು ವರ್ಷ ಬೇಕಾಯ್ತಾ ನಿಮಗೆ?" ಎಂದಳು.

"ನಾನು ಆಗ ತೊಟ್ಟಿಲಲ್ಲಿದ್ದೆ ಮೇಡಂ."

"ಅದೂ ಹೌದು."

ಎರಡನೆಯದು ಮರುದಿನ ಮಧ್ಯಾಹ್ನ, ಗಂಡು. ಈ ಸಲ ಯಾರೂ ಕೈ ಅಡ್ಡ ಹಿಡಿಯಬೇಕಾಗಲಿಲ್ಲ. ಪುಸ್ತಕದಲ್ಲಿ ಬರೆದಳು. ಹಳದಿಯಾದ ಹಾಳೆಯ ಮೇಲೆ ಹೊಸ ಶಾಯಿ. ಶಿಕ್ಷಕಿ ಷರಾ ಬರೆಯುವ ಜಾಗದಲ್ಲಿ ತೃಪ್ತಿಕರ ಎಂದು ಬರೆದು ಸಹಿ ಹಾಕಿದಳು.

"ತೃಪ್ತಿಕರ ಅಷ್ಟೇನಾ?"

"ನಮ್ಮಲ್ಲಿ ಅದೇ ಎಲ್ಲಕ್ಕಿಂತ ಮೇಲಿಂದು ಮೇಡಂ."

"ಹಾಗಾದ್ರೆ ಇರ್ಲಿ."

ಹದಿನೈದು ದಿನಕ್ಕೆ ಕೌನ್ಸಿಲಿನಿಂದ ಕರೆ ಬಂತು. ಗುರುವಾರವಲ್ಲ, ಸೋಮವಾರ. ಗಂಡ ಹೆಂಡತಿ ಇಬ್ಬರೂ ಹೋದರು. ಗುಮಾಸ್ತ ಕಿಂಡಿಯ ಹಿಂದಿನಿಂದ ಎದ್ದು ಹೊರಗೇ ಬಂದು ಪ್ರಮಾಣಪತ್ರ ಕೈಗಿಟ್ಟ. ಅವಳ ಹೆಸರು, ಕೆಳಗೆ ಹೊಸ ನಂಬರು. ಅವಳು ಕನ್ನಡಕ ಏರಿಸಿ ಎರಡು ಸಲ ಓದಿದಳು.

"ಐದು ವರ್ಷಕ್ಕೆ ಇದೆ" ಎಂದ ಗುಮಾಸ್ತ. "ಸಾರ್ ನಿವೃತ್ತಿ ಆದ ಮೇಲೆ ವಾಪಸ್ ಊರಿಗೆ ಹೋಗ್ತೀರಲ್ಲ, ಆಗ ನಮ್ಮ ತಕರಾರಿಲ್ಲ ಅನ್ನೋ ಪತ್ರ ತಗೊಂಡು ಮತ್ತೆ ಅಲ್ಲಿ ಅರ್ಜಿ ಹಾಕ್ಬೇಕು. ಈ ಪುಸ್ತಕದಲ್ಲಿ ಸಹಿ ಮಾಡಿ, ಖಾಯಂ ವಿಳಾಸ ಬರೀರಿ."

ಯಜಮಾನರು ತಲೆಯಾಡಿಸಿದರು. ನಾಲ್ಕು ವರ್ಷ ಕಳೆದರೆ ಊರು, ಅದು ಅವರ ಮನಸ್ಸಿನಲ್ಲಿದ್ದ ಲೆಕ್ಕ. ಹೆಂಡತಿ ಪೆನ್ನು ತೆಗೆದುಕೊಂಡು ಬಗ್ಗಿದಳು.

"ನಿವೃತ್ತಿ ಅವರಿಗೆ" ಎಂದಳು. "ನನಗೆ ಯಾರಾದ್ರೂ ಹೇಳಿದ್ರಾ?"

ಅವಳು ಬರೆಯುವುದನ್ನು ಯಜಮಾನರು ಹೆಗಲ ಮೇಲಿಂದ ಓದಿದರು. ಊರಿನ ಮನೆಯ ವಿಳಾಸವಲ್ಲ. ಕಾರ್ಖಾನೆಯ ಹಿಂದಿನ ಬೀದಿಯ ಎರಡು ಕೋಣೆಯ ಮನೆ, ಎಂಟು ತಿಂಗಳ ಹಿಂದೆ ಲಾರಿಯಿಂದ ಸಾಮಾನು ಇಳಿಸಿದ್ದು.

"ಅದು ಬಾಡಿಗೆ ಮನೆ ಕಣೇ" ಎಂದರು.

"ಗೊತ್ತು" ಎಂದಳು, ಮಹಡಿಯ ನಂಬರನ್ನೂ ಸೇರಿಸಿದಳು.